ಇರಬಹುದಪ್ಪನವರು ಚಕ್ರ ತಿರುಗಿಸಿದ್ದು

ನೀರು ಸರಬರಾಜು ಇಲಾಖೆಯ ನೌಕರರಲ್ಲಿ ಆತ್ಮವಿಶ್ವಾಸದ ತೀವ್ರ ಕೊರತೆಯಿದೆ ಎಂಬುದನ್ನು ಇಲಾಖೆಯ ಆಡಳಿತ ಮಂಡಳಿಯು ಒಂದು ಸೋಮವಾರ ಸರ್ವಾನುಮತದಿಂದ ಅಂಗೀಕರಿಸಿತು. ಸದರಿ ಕೊರತೆ ಇರುವುದು ಮಂಡಳಿಯ ಸದಸ್ಯರಲ್ಲಲ್ಲ, ಅವರ ಕೈಕೆಳಗಿನವರಲ್ಲಿ ಎಂಬ ತಿದ್ದುಪಡಿಯೂ ಸರ್ವಾನುಮತದಿಂದಲೇ ಅಂಗೀಕಾರವಾಯಿತು.

ಕೂಡಲೇ "ನನ್ನಿಂದ ಆಗುತ್ತದೆ" ಎಂಬ ಅಭಿಯಾನ ಶುರುವಾಯಿತು. ಅದಕ್ಕಾಗಿ ಹೊರಗಿನಿಂದ ಒಬ್ಬ ಧೈರ್ಯ ತರಬೇತುದಾರರನ್ನು ಕರೆಸಿದರು. ದಿನಾ ಬೆಳಿಗ್ಗೆ ನೌಕರರೆಲ್ಲ ಮೊದಲ ಮಹಡಿಯ ಮೊಗಸಾಲೆಯಲ್ಲಿ ಸಾಲಾಗಿ ನಿಂತು, ಬಲಗೈಯನ್ನು ಎದೆಯ ಮೇಲಿಟ್ಟು, "ನನ್ನಿಂದ ಆಗುತ್ತದೆ" ಎಂದು ಗಟ್ಟಿಯಾಗಿ ಕೂಗಬೇಕಿತ್ತು. ಏನು ಆಗುತ್ತದೆ ಎಂಬುದು ಅಭಿಯಾನದ ವ್ಯಾಪ್ತಿಗೆ ಬರುತ್ತಿರಲಿಲ್ಲ.

ತರಬೇತುದಾರರಿಗೆ ಮೊದಲ ದಿನವೇ ಬಲು ಹಿಡಿಸಿದವರೆಂದರೆ ದೂರು ವಿಭಾಗದ ಗುಮಾಸ್ತರು. ಆಫೀಸಿನಲ್ಲಿ ಅವರನ್ನು ಇರಬಹುದಪ್ಪ ಎಂದು ಕರೆಯುತ್ತಿದ್ದರು. ಯಾವುದನ್ನೇ ಕೇಳಿ, ಅವರ ಉತ್ತರ "ಇರಬಹುದು" ಎಂದೇ ಮುಗಿಯುತ್ತಿತ್ತು. ಊಟ ಆಯಿತಾ ಎಂದರೆ "ಆಗಿರಬಹುದು" ಎನ್ನುವರು. ತಾವೇ ಬರೆದ ಅಕ್ಷರವನ್ನು ಪಕ್ಕದವರಿಗೆ ತೋರಿಸಿ, "ಇದು ನಾನು ಬರೆದದ್ದೇ ಇರಬಹುದಾ?" ಎಂದು ಕೇಳುವರು. ಮನೆಯಲ್ಲೂ ಇದೇ ಪಾಡು. ಆಫೀಸಿನ ಹಿಂದಿನ ಗಲ್ಲಿಯಲ್ಲಿ, ರಸ್ತೆಗಿಂತ ಎರಡು ಮೆಟ್ಟಿಲು ತಗ್ಗಿನಲ್ಲಿ, ಅವರ ಅಕ್ಕನ ಹೊಲಿಗೆ ಅಂಗಡಿ. ಅಕ್ಕ ತಮ್ಮ ಇಬ್ಬರೂ ಇರುವುದು ಅಂಗಡಿಯ ಮೇಲಿನ ಕೋಣೆಗಳಲ್ಲಿ. ಅಂಗಡಿಗೆ ಬೀಗ ಹಾಕುವ ಕೆಲಸವನ್ನು ತಮ್ಮನಿಗೆ ವಹಿಸಿ, ಹಾಕಿದ್ದಾನೋ ಇಲ್ಲವೋ ನೋಡಿಬರಲು ಅಕ್ಕನೇ ಕೆಳಗಿಳಿಯುತ್ತಿದ್ದಳು.

ತರಬೇತುದಾರರು ಇರಬಹುದಪ್ಪನವರನ್ನು ಸಾಲಿನಿಂದ ಹೊರಗೆ ಕರೆದು ಎಲ್ಲರೆದುರು ನಿಲ್ಲಿಸಿದರು. "ನೋಡ್ಕೊಳ್ಳಿ, ಅನುಮಾನ ಅಂದ್ರೆ ಹೀಗಿರುತ್ತೆ. ಭುಜ ನೋಡಿ. ಆ ಕಣ್ಣು ನೋಡಿ. ಇಷ್ಟು ಪರಿಶುದ್ಧವಾದ ಅನುಮಾನ ನಾನು ಎಲ್ಲೂ ನೋಡಿಲ್ಲ." ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ತಮಗೇ ಇರಬಹುದು ಎಂದು ಇರಬಹುದಪ್ಪನವರಿಗೆ ಒಳಗೊಳಗೇ ಸಂತೋಷವೂ ಆಯಿತು.

ಅದೇ ವಾರ, ಎಲ್ಲರೂ ಎದೆ ಮೇಲೆ ಕೈಯಿಟ್ಟು ಕೂಗುತ್ತಿದ್ದಾಗ, ಆಫೀಸಿನ ಅಂಗಳದಲ್ಲಿದ್ದ ದೊಡ್ಡ ಪೈಪು ಒಡೆಯಿತು. ನೀರು ಆಳೆತ್ತರಕ್ಕೆ ಚಿಮ್ಮಿತು. ನೌಕರರು ಶಿಸ್ತು ಬಿಡದೆ ಕೂಗುವುದನ್ನು ಮುಗಿಸಿ, ಆಮೇಲೆ ಕಿಟಕಿಗೆ ಬಂದರು.

ಪೈಪಿನ ಬುಡದಲ್ಲಿ ನೀರು ನಿಲ್ಲಿಸಲೆಂದೇ ಕಬ್ಬಿಣದ ಒಂದು ಚಕ್ರವಿತ್ತು. ಅದಕ್ಕೆ ತೂಗುಹಾಕಿದ ಫಲಕದ ಮೇಲೆ "ಸಂಬಂಧಪಟ್ಟವರು ಮಾತ್ರ ತಿರುಗಿಸತಕ್ಕದ್ದು" ಎಂದು ಬರೆದಿತ್ತು. ಆಫೀಸು ಕಟ್ಟಿದಂದಿನಿಂದ ಯಾರೂ ತಾವು ಸಂಬಂಧಪಟ್ಟವರೆಂದು ಹೇಳಿಕೊಂಡಿರಲಿಲ್ಲ. ಆದ್ದರಿಂದ ದೊಡ್ಡ ಸಾಹೇಬರು ತುರ್ತು ಸಭೆ ಕರೆದರು.

ಪೈಪು ವಿಭಾಗದ ಮುಖ್ಯಸ್ಥರು, ತಮ್ಮ ವಿಭಾಗದ ಅಧಿಕಾರ ಪೈಪಿನ ಒಳಗಿರುವ ನೀರಿನ ಮೇಲೆ ಮಾತ್ರ, ಸದರಿ ನೀರು ಈಗಾಗಲೇ ಹೊರಗೆ ಬಂದಿರುವುದರಿಂದ ತಾವು ಅಸಹಾಯಕರು ಎಂದರು. ಚರಂಡಿ ವಿಭಾಗದ ಮುಖ್ಯಸ್ಥರು, ಇದು ಕುಡಿಯುವ ನೀರು, ಕೊಳೆಯಾಗುವವರೆಗೂ ತಾವು ಕಾಯಲೇಬೇಕು ಎಂದರು. ಈ ಎರಡೂ ವಾದಗಳಲ್ಲಿ ತೂಕವಿದೆ ಎಂದು ಸಾಹೇಬರಿಗೆ ಅನ್ನಿಸಿತು. ತರಬೇತುದಾರರನ್ನು ಕೇಳಿದ್ದಕ್ಕೆ ಅವರು ಕಣ್ಣು ಮುಚ್ಚಿ, "ಹೊರಗಿನ ಚಕ್ರ ತಿರುಗಬೇಕಾದ್ರೆ ಮೊದಲು ಒಳಗಿನ ಚಕ್ರ ತಿರುಗಬೇಕು" ಎಂದರು. ಸಭೆ ಅದನ್ನು ನಿರ್ಣಯವಾಗಿ ಅಂಗೀಕರಿಸಿತು.

ಇತ್ತ ನೀರು ಹಿಂಬಾಗಿಲಿನಿಂದ ಹರಿದು ಗಲ್ಲಿಗೆ ಇಳಿದಿತ್ತು. ಸ್ವಲ್ಪ ಹೊತ್ತಿಗೆಲ್ಲ ಅಕ್ಕ ಅಂಗಳಕ್ಕೆ ಬಂದು ನಿಂತಳು. ಮೊಣಕಾಲಿನವರೆಗೂ ಒದ್ದೆ. ಹೆಗಲ ಮೇಲೆ ಯಾರದೋ ಮದುವೆಗೆಂದು ಅರ್ಧ ಹೊಲಿದಿದ್ದ ಕೋಟು, ತೊಟ್ಟಿಕ್ಕುತ್ತಿತ್ತು.

"ಏ ತಮ್ಮಾ! ಒಳಗೆ ಕೂತ್ಕೊಂಡು ಏನ್ ಮಾಡ್ತಿದ್ದೀಯೋ?"

ಇರಬಹುದಪ್ಪನವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಸಭೆ ನಡೀತಿದೆ ಅಕ್ಕ."

"ಅಲ್ಲಿ ನನ್ನ ಮೆಷಿನ್ನು ನೀರಲ್ಲಿ ಮುಳುಗ್ತಿದೆ, ನಿಮಗೆ ಸಭೆ! ಇದನ್ನ ನಿಲ್ಲಿಸೋರು ಯಾರು?"

"ಯಾರಾದ್ರೂ ಇರಬಹುದು."

"ಆ ಯಾರಾದ್ರೂ ನೀನೇ ಯಾಕೆ ಇರಬಾರದು?"

ಜೀವಮಾನವಿಡೀ ತಾವು ಬೇರೆಯವರ ಕಡೆಗೆ ಎಸೆದಿದ್ದ ಮಾತು ಹೀಗೆ ತಿರುಗಿ ಬಂದು ಮುಖಕ್ಕೇ ಬಡಿಯಬಹುದೆಂದು ಅವರು ಎಣಿಸಿರಲಿಲ್ಲ. ಕಿಟಕಿಯಲ್ಲಿ ನಿಂತಿರುವುದು ಕಷ್ಟವಾಗಿ, ಮೆಟ್ಟಿಲಿಳಿದು ಅಂಗಳಕ್ಕೆ ಬಂದರು.

ಚಕ್ರದ ಮೇಲೆ ಕೈಯಿಟ್ಟರು. ಇದು ಸರಿಯಾದ ಚಕ್ರ ಅಲ್ಲದೆ ಇರಬಹುದು. ಮುರಿಯಬಹುದು. ಕೆಲಸ ಹೋಗಬಹುದು. ಇಷ್ಟೆಲ್ಲ ಅಂದುಕೊಳ್ಳುತ್ತಲೇ, ಕಣ್ಣು ಮುಚ್ಚಿ, ಹಲ್ಲು ಕಚ್ಚಿ ತಿರುಗಿಸಿದರು. ನೀರು ಇನ್ನೂ ಎತ್ತರಕ್ಕೆ ಚಿಮ್ಮಿ, ಮೊದಲ ಮಹಡಿಯ ಕಿಟಕಿಯಲ್ಲಿದ್ದ ದೊಡ್ಡ ಸಾಹೇಬರ ಕನ್ನಡಕದ ಮೇಲೆ ಬಿತ್ತು. "ನೋಡಿದ್ರಾ, ನೋಡಿದ್ರಾ!" ಎಂದು ಮೇಲಿನಿಂದ ಎಲ್ಲ ವಿಭಾಗಗಳೂ ಒಕ್ಕೊರಲಿನಿಂದ ಕೂಗಿದವು. ಇರಬಹುದಪ್ಪನವರು ಕೈಬಿಟ್ಟು ಓಡಿಹೋಗುವುದರಲ್ಲಿದ್ದರು.

"ಎಲ್ಲಿಗೆ ಹೊರಟೆ?" ಎಂದಳು ಅಕ್ಕ. "ಆ ಕಡೆ ಆಗ್ಲಿಲ್ಲ ಅಂದ್ರೆ ಈ ಕಡೆ ತಿರುಗಿಸು. ಇರೋದೇ ಎರಡು ಕಡೆ."

ಅವರು ಈ ಕಡೆ ತಿರುಗಿಸಿದರು. ತುಕ್ಕು ಹಿಡಿದ ಚಕ್ರ ಕಿರುಗುಟ್ಟಿತು, ಅಂಗೈಯ ಚರ್ಮ ಕಿತ್ತುಬಂತು, ಆದರೆ ನೀರು ಕುಗ್ಗಿತು, ಮೊಣಕಾಲೆತ್ತರಕ್ಕೆ ಬಂತು, ಗುಳುಗುಳು ಎಂದಿತು, ನಿಂತಿತು. ಅಂಗಳ ನಿಶ್ಶಬ್ದವಾಯಿತು. ಇರಬಹುದಪ್ಪನವರು ಚಕ್ರವನ್ನು ಬಿಡದೆ ಹಾಗೇ ನಿಂತರು. ತಾವು ಮಾಡಿದ್ದರಿಂದ ಲೋಕದಲ್ಲಿ ಒಂದು ಸದ್ದು ನಿಂತಿದೆ ಎಂಬುದು ಅವರಿಗೆ ಹೊಸ ಅನುಭವ. ಅಂಗೈ ಉರಿಯುತ್ತಿತ್ತು, ಆ ಉರಿಯೂ ಹಿತವಾಗಿತ್ತು.

"ಯಾರ್ರೀ ಅದು ನೀರು ನಿಲ್ಲಿಸಿದ್ದು?" ಮೇಲಿನಿಂದ ದೊಡ್ಡ ಸಾಹೇಬರು ಗುಡುಗಿದರು.

"ನಾನೇ ಸಾರ್."

ಇಲಾಖೆಯಲ್ಲಿ ಅಂಥ ಪ್ರಶ್ನೆಗೆ ಅಂಥ ಉತ್ತರ ಬಂದದ್ದು ಅದೇ ಮೊದಲು. ಸಾಹೇಬರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಕೇಳಿದರು. ಮತ್ತೂ ಅದೇ ಉತ್ತರ ಬಂತು.

ನಿಯಮದ ಪ್ರಕಾರ ವಿಚಾರಣೆ ನಡೆಯಿತು. ಪೈಪು ಒಡೆದದ್ದರ ಬಗ್ಗೆ ಹೊಣೆಗಾರರು ಯಾರೂ ಸಿಗದ ಕಾರಣ ಆ ಭಾಗವನ್ನು ಕೈಬಿಡಲಾಯಿತು. ನೀರು ನಿಲ್ಲಿಸಿದ್ದರ ಹೊಣೆಗಾರರು ತಾವಾಗಿಯೇ ಸಿಕ್ಕಿದ್ದರಿಂದ ಆ ಭಾಗವನ್ನು ಕೂಲಂಕಷವಾಗಿ ನಡೆಸಲಾಯಿತು.

"ತಾವು ಸಂಬಂಧಪಟ್ಟವರೇ?" ಎಂದು ವಿಚಾರಣಾಧಿಕಾರಿಗಳು ಕೇಳಿದರು.

"ತಿರುಗಿಸೋ ಮೊದಲು ಅಲ್ಲ ಸಾರ್. ತಿರುಗಿಸಿದ ಮೇಲೆ ಆದೆ."

"ತಿರುಗಿಸಲು ಹೇಳಿದವರು ನಿಮ್ಮ ಅಕ್ಕ ಎಂದು ಸಾಕ್ಷಿಗಳಿದ್ದಾರೆ. ಬೇಕಾದರೆ ಅವರ ಮೇಲೆ ಹಾಕಬಹುದು."

"ಅಕ್ಕ ಹೇಳಿದ್ದು ನಿಜ. ಕೈ ನಂದೇ."

"ಮೊದಲು ತಪ್ಪು ಕಡೆಗೆ ತಿರುಗಿಸಿದ್ದು?"

"ಅದೂ ನಾನೇ."

ವಿಚಾರಣಾಧಿಕಾರಿಗಳು ಪೆನ್ನು ಕೆಳಗಿಟ್ಟರು. ಅವರ ಕಣ್ಣು ತುಂಬಿ ಬಂದಿತ್ತು. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿ ಕೇಳಿದರು: "ನನ್ನ ಸರ್ವೀಸಿನಲ್ಲೇ ನಿಮ್ಮಂಥೋರು ಸಿಕ್ಕಿರಲಿಲ್ಲ. ಬೇರೆ ಏನಾದ್ರೂ ಒಪ್ಕೋತೀರಾ? ಹಳೇ ಕೇಸುಗಳು ಒಂದಿಷ್ಟು ಹಾಗೇ ಬಿದ್ದಿವೆ."

"ಮಾಡಿದ್ದನ್ನ ಒಪ್ಕೋಬಹುದು ಸಾರ್. ಮಾಡದೇ ಇರೋದನ್ನ ಹೇಗೆ?"

"ನಿಧಾನವಾಗಿ ಯೋಚನೆ ಮಾಡಿ. ಅವಸರ ಇಲ್ಲ."

ವಿಚಾರಣೆಯ ವರದಿ ಮಂಡಳಿಯಲ್ಲಿ ಸಂಚಲನ ಮೂಡಿಸಿತು. ಶಿಕ್ಷೆ ಕೊಡಬೇಕೋ ಬಹುಮಾನ ಕೊಡಬೇಕೋ ಎಂದು ಗಂಟೆಗಟ್ಟಲೆ ಚರ್ಚೆಯಾಗಿ, ಕೊನೆಗೆ ಎರಡನ್ನೂ ಸೇರಿಸಿ ಒಂದು ಹುದ್ದೆ ಸೃಷ್ಟಿಸಲಾಯಿತು. ಮರುದಿನ ಮೊಗಸಾಲೆಯ ಧ್ವನಿವರ್ಧಕದಲ್ಲಿ ಪ್ರಕಟಣೆ ಮೊಳಗಿತು:

"ಸಮಸ್ತ ನೌಕರರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ವೈಯಕ್ತಿಕ ಹೊಣೆಗಾರಿಕೆಯು ಅತ್ಯಂತ ಶ್ರೇಷ್ಠವಾದ ಗುಣವಾಗಿರುತ್ತದೆ. ಇದನ್ನು ಎಲ್ಲರಿಗೂ ಹಂಚಿದಲ್ಲಿ ತೆಳುವಾಗುವ ಸಂಭವವಿರುವುದರಿಂದ, ಇಲಾಖೆಯ ಸಮಸ್ತ ವೈಯಕ್ತಿಕ ಹೊಣೆಯನ್ನು ಒಬ್ಬರೇ ವ್ಯಕ್ತಿಯಲ್ಲಿ ಕ್ರೋಡೀಕರಿಸಲಾಗಿದೆ. ಇನ್ನು ಮುಂದೆ ಬೇರೆ ಯಾವುದೇ ನೌಕರರು ಸ್ವಂತ ಇಚ್ಛೆಯಿಂದ ಹೊಣೆ ಹೊತ್ತದ್ದು ಕಂಡುಬಂದಲ್ಲಿ ಸೂಕ್ತ ಕ್ರಮ ಜರುಗಿಸಲಾಗುವುದು."

ನೌಕರರು ಹರ್ಷೋದ್ಗಾರ ಮಾಡಿದರು. ಅಭಿಯಾನ ಶುರುವಾದಂದಿನಿಂದ ಅವರ ಮುಖದಲ್ಲಿ ಅಷ್ಟೊಂದು ಆತ್ಮವಿಶ್ವಾಸ ಕಂಡಿರಲಿಲ್ಲ.

ಇರಬಹುದಪ್ಪನವರಿಗೆ ಮೆಟ್ಟಿಲ ಕೆಳಗೆ ಒಂದು ಕೋಣೆ ಕೊಟ್ಟರು. ಬಾಗಿಲ ಮೇಲೆ "ವೈಯಕ್ತಿಕ ಹೊಣೆ" ಎಂಬ ಫಲಕ. ಮೊದಮೊದಲು ಸಹೋದ್ಯೋಗಿಗಳು ನಿಂತ ಫ್ಯಾನು, ಕಳೆದ ಕಡತ, ಸೋರುವ ತೊಟ್ಟಿಗಳನ್ನು ತಂದೊಪ್ಪಿಸಿದರು. ಆಮೇಲೆ ಸಂಕೋಚ ಬಿಟ್ಟುಹೋಯಿತು. "ಅಳಿಯ ಮಾತು ಬಿಟ್ಟಿದ್ದಾನೆ, ಸ್ವಲ್ಪ ನಿಮ್ಮ ಹೊಣೇಲಿ ಇಟ್ಕೊಳ್ಳಿ ಸಾರ್" ಎಂದು ಲೆಕ್ಕಪತ್ರ ವಿಭಾಗದವರೊಬ್ಬರು ಬಂದು ಕೈಮುಗಿದರು.

ಅಳಿಯನನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಇರಬಹುದಪ್ಪನವರು ನಿಜವಾಗಿಯೂ ಮಾಡತೊಡಗಿದರು. ಸ್ಪ್ಯಾನರ್ ಹಿಡಿದು ಬೀದಿ ಬೀದಿ ಸುತ್ತಿದರು. ಯಾವ ಕಡೆ ತಿರುಗಿಸಬೇಕೆಂಬ ಅನುಮಾನ ಈಗಲೂ ಬರುತ್ತಿತ್ತು. ಆದರೆ ಅದು ಹೋಗಲಿ ಎಂದು ಕಾಯುವುದನ್ನು ಅವರು ಬಿಟ್ಟಿದ್ದರು. ತಪ್ಪಿದರೆ "ತಪ್ಪಿದೆ" ಎಂದು ಇನ್ನೊಂದು ಕಡೆ ತಿರುಗಿಸುವರು. ಎಷ್ಟೋ ಕಾಲದಿಂದ ಗಾಳಿಯನ್ನಷ್ಟೇ ಬಿಡುತ್ತಿದ್ದ ನಲ್ಲಿಗಳಲ್ಲಿ ನೀರು ಬಂತು.

ತರಬೇತುದಾರರು ಓಡೋಡಿ ಬಂದು ಅವರನ್ನು ವೇದಿಕೆಗೆ ಹತ್ತಿಸಿದರು. "ಹೇಳಿ, ಈ ಬದಲಾವಣೆ ಹೇಗಾಯ್ತು?"

"ಅಕ್ಕನ ಅಂಗಡಿಗೆ ನೀರು ನುಗ್ಗಿತ್ತು."

"ಕೇಳಿದ್ರಾ!" ತರಬೇತುದಾರರು ಸಭೆಯ ಕಡೆ ತಿರುಗಿದರು. "ಪ್ರತಿಯೊಬ್ಬರ ಒಳಗೂ ಒಂದು ಅಂಗಡಿ ಇದೆ. ಅದಕ್ಕೆ ನೀರು ನುಗ್ಗಬೇಕು!"

ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಮುಂದಿನ ವಾರ ಪ್ರತಿಯೊಬ್ಬ ನೌಕರರ ಮೇಜಿಗೂ ಒಂದೊಂದು ಮರದ ಚಕ್ರ ಬಂತು. ಅದು ಯಾವುದಕ್ಕೂ ಜೋಡಣೆಯಾಗಿರಲಿಲ್ಲ. ದಿನಾ ಬೆಳಿಗ್ಗೆ ಅದನ್ನು ಎರಡೂ ಕಡೆಗೆ ತಿರುಗಿಸಿದವರಿಗೆ ಕ್ರಿಯಾಶೀಲರೆಂಬ ಪ್ರಮಾಣಪತ್ರ ಸಿಗುತ್ತಿತ್ತು. ಇರಬಹುದಪ್ಪನವರಿಗೆ ಅದು ಸಿಗಲಿಲ್ಲ. ಬೆಳಗಿನ ಹೊತ್ತು ಅವರು ಹೊರಗೆ ನಲ್ಲಿ ರಿಪೇರಿಯಲ್ಲಿರುತ್ತಿದ್ದರು.

ಒಂದು ಸಂಜೆ ಅಕ್ಕ ಮೆಷಿನ್ನಿಗೆ ಎಣ್ಣೆ ಬಿಡುತ್ತ ಕೇಳಿದಳು. "ಈಗ ಅನುಮಾನ ಹೋಯ್ತೇನೋ?"

"ನನ್ನ ಮೇಲಿದ್ದದ್ದು ಹೋಯ್ತು ಅಕ್ಕ. ಮಿಕ್ಕವರ ಮೇಲೆ ಶುರುವಾಗಿದೆ."

"ಹೋಗಿ, ಜೊತೆಗೆ ಇನ್ನೊಬ್ಬರನ್ನ ಕೊಡಿ ಅಂತ ನಿಮ್ಮ ಸಾಹೇಬರನ್ನ ಕೇಳು. ಮೈ ನೋಡ್ಕೋ ಹೇಗಾಗಿದೆ."

ಅವರು ಹೋಗಿ ಕೇಳಿದರು. ದೊಡ್ಡ ಸಾಹೇಬರು ತಮ್ಮ ಮರದ ಚಕ್ರವನ್ನು ತಿರುಗಿಸುತ್ತ, ತಾಳ್ಮೆಯಿಂದ ವಿವರಿಸಿದರು. "ನೀವೊಬ್ಬರೇ ಇದ್ರೆ ಹೊಣೆ ಯಾರು ಅನ್ನೋದು ಸ್ಪಷ್ಟ. ಇನ್ನೊಬ್ಬರು ಬಂದ್ರೆ ನೀವು ಅವರನ್ನ ತೋರಿಸ್ತೀರಿ, ಅವರು ನಿಮ್ಮನ್ನ ತೋರಿಸ್ತಾರೆ. ಇಲಾಖೆ ಕೆಟ್ಟುಹೋಗುತ್ತೆ."

ಆ ತಿಂಗಳೇ ಇರಬಹುದಪ್ಪನವರು ಜ್ವರ ಬಂದು ಮಲಗಿದರು. ಎದ್ದೇ ತೀರುತ್ತೇನೆಂದು ಹಟ ಹಿಡಿದಾಗ ಅಕ್ಕ ಹೊರಗಿನಿಂದ ಚಿಲಕ ಹಾಕಿದಳು. ಅಂದೇ ದೊಡ್ಡ ರಸ್ತೆಯಲ್ಲಿ ಪೈಪು ಒಡೆಯಿತು. ಇಲಾಖೆ ಒಂದು ಕ್ಷಣವೂ ತಡಮಾಡದೆ ಗೇಟಿಗೆ ಫಲಕ ತೂಗುಹಾಕಿತು: "ಹೊಣೆಯು ರಜೆಯಲ್ಲಿರುತ್ತದೆ. ಸಾರ್ವಜನಿಕರು ಸಹಕರಿಸತಕ್ಕದ್ದು."

ಸಾರ್ವಜನಿಕರು ಸಹಕರಿಸಿದರು. ಪ್ಯಾಂಟು ಮಡಚಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಗೇಟಿನ ಮುಂದೆ ಬಂದು ಫಲಕ ಓದಿದರು. ಇಷ್ಟಾದರೂ ಮುಚ್ಚುಮರೆಯಿಲ್ಲದೆ ಹೇಳಿದ್ದಾರಲ್ಲ ಎಂದು ಇಲಾಖೆಯನ್ನು ಮೆಚ್ಚಿಕೊಂಡರು. ಒಳಗೆ ಮೇಜುಗಳ ಮೇಲೆ ಮರದ ಚಕ್ರಗಳು ತಿರುಗುವ ಸದ್ದು ಕೇಳುತ್ತಿತ್ತು.

"ರಜೆ ಯಾವಾಗ ಮುಗಿಯುತ್ತಂತೆ?" ಎಂದು ಒಬ್ಬರು ಕಾವಲುಗಾರನನ್ನು ಕೇಳಿದರು.

"ಗೊತ್ತಿಲ್ಲ ಸ್ವಾಮಿ. ಜೋರು ಜ್ವರ ಅಂತೆ."

"ಅಲ್ಲ, ಇಡೀ ಊರಿನ ಹೊಣೆ ಹೊತ್ತ ಮನುಷ್ಯ ಹೀಗೆ ಜ್ವರ ಬರಿಸ್ಕೊಂಡು ಮಲಗೋದು ಅಂದ್ರೆ, ಬೇಜವಾಬ್ದಾರಿ ಅಲ್ವೇನ್ರೀ?"

ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು.