ಟ್ಯಾಂಪಿನೀಸಿನಲ್ಲಿ ಹಂಸಾಳ ಕಛೇರಿ

ಎಲ್ಲದಕ್ಕೂ ಕಾರಣ ಶಿವಾನಿ ಒಪ್ಪಿಸಿದ ಒಂದು ಸಣ್ಣ ಕೆಲಸ.

“ಆಂಟಿ, ಕೆಳಗೆ ಬರೋವಾಗ ನಮ್ಮ ಅಜ್ಜೀನೂ ಕರ್ಕೊಂಡು ಬಂದ್ಬಿಡ್ತೀರಾ? ಅವರಿಗೆ ಈ ಲಿಫ್ಟು ಕಂಡ್ರೆ ಭಯ.”

ಅವತ್ತು ಶಿವಾನಿಯ ಮಗುವಿನ ನಾಮಕರಣ. ಸಿಂಗಪುರದ ಟ್ಯಾಂಪಿನೀಸಿನಲ್ಲಿ ಅವಳ ಮತ್ತು ಹಂಸಾಳ ಮನೆಗಳಿರುವ ಬ್ಲಾಕಿನ ಬುಡದಲ್ಲಿ, ಗೋಡೆಗಳಿಲ್ಲದ ವಾಯ್ಡ್ ಡೆಕ್‌ನಲ್ಲಿ ಕಾರ್ಯಕ್ರಮ. ಹನ್ನೊಂದು ಗಂಟೆಗೆ ಹಂಸಾಳ ಹಾಡು. ಮೈಕ್ ಉಂಟು. ಎಲ್ಲಕ್ಕಿಂತ ಹೆಚ್ಚಾಗಿ, ಹಾಡು ಊಟಕ್ಕೆ ಮುಂಚೆ.

ಊಟಕ್ಕೆ ಮುಂಚೆ ಹಾಡುವ ಈ ಭಾಗ್ಯಕ್ಕಾಗಿ ಹಂಸಾ ಹದಿನಾರು ವರ್ಷ ಕಾದಿದ್ದಳು. ಮೈಸೂರಿನಲ್ಲಿ ಕಲಿತ ಸಂಗೀತವನ್ನು ಸೀರೆಗಳ ಜೊತೆ ಮಡಿಸಿಟ್ಟುಕೊಂಡು ಸಿಂಗಪುರಕ್ಕೆ ಬಂದವಳು ಅವಳು. ಇಲ್ಲಿನ ಕನ್ನಡಿಗರ ಸಮಾರಂಭಗಳನ್ನೆಲ್ಲ ನಡೆಸಿಕೊಡುವ ಗೋಪಿನಾಥ್ ಒಳ್ಳೆಯ ಮನುಷ್ಯರೇ. ಆದರೆ ಹಂಸಾಳ ಹಾಡು ಊಟದ ಜೊತೆ ಚೆನ್ನಾಗಿ ಹೋಗುತ್ತದೆಂದು ಎಂದೋ ತೀರ್ಮಾನಿಸಿದ್ದರು, ಉಪ್ಪಿನಕಾಯಿಯ ಬಗ್ಗೆ ತೀರ್ಮಾನಿಸುವ ಹಾಗೆ. ಅವಳು ಕಣ್ಣು ಮುಚ್ಚಿ ಮೇಲಿನ ಷಡ್ಜಕ್ಕೆ ಏರುವಾಗಲೇ ಯಾರಾದರೂ “ಈ ಕಡೆ ಸಾರು ಬರಲಿಲ್ಲ” ಅನ್ನುತ್ತಿದ್ದರು. ಎಷ್ಟೋ ಸಲ ಆ ದನಿ ಅವಳ ಗಂಡ ಗಿರಿಧರನದೇ ಆಗಿರುತ್ತಿತ್ತು. ಅವಳು ಯಾರಿಗೂ ಏನೂ ಹೇಳಿಕೊಂಡಿರಲಿಲ್ಲ. ಒಂದೇ ಒಂದು ದಿನ ನಾಲ್ಕು ಜನ ಕೈ ಖಾಲಿ ಇಟ್ಟುಕೊಂಡು ಕೂತು ತನ್ನ ಹಾಡು ಕೇಳಬೇಕು. ಅಷ್ಟೇ ಆಸೆ.

ಶಿವಾನಿಯ ಗಂಡ ಪ್ರಭುದೇವನ ಅಜ್ಜಿ ಮುರಿಗೆವ್ವ ಧಾರವಾಡದ ಕಡೆಯವರು, ಬಂದು ವಾರವಾಗಿತ್ತು. ಜೋಗುಳಕ್ಕೆಂದು ಒಂದು ಜೊತೆ ತಾಳವನ್ನು ಸೆರಗಿನಲ್ಲಿ ಕಟ್ಟಿಕೊಂಡು, ಲಿಫ್ಟಿನಲ್ಲಿ ಹಂಸಾಳ ಕೈಯನ್ನು ಬಸ್ಸಿನ ಕಂಬಿಯಂತೆ ಹಿಡಿದು ನಿಂತರು. ಕೆಳಗಿಳಿದು ಎಡಕ್ಕೆ ತಿರುಗಿದರೆ ನಾಮಕರಣ. ಬಲಕ್ಕೆ, ಪಕ್ಕದ ಬ್ಲಾಕಿನ ಕೆಳಗೆ, ಬಿಳಿ ಡೇರೆ, ಹೂವಿನ ಚಕ್ರಗಳು, ಊದುಬತ್ತಿಯ ಹೊಗೆ. ಯಾವುದೋ ಚೀನೀ ಮನೆಯ ಸಾವು. ಇಷ್ಟು ವರ್ಷಗಳಲ್ಲಿ ಹಂಸಾ ಇಂಥವನ್ನು ಎಷ್ಟೋ ಕಂಡಿದ್ದಳು. ಕಂಡಾಗಲೆಲ್ಲ ಕಣ್ಣು ತಗ್ಗಿಸಿ ದಾಟಿದ್ದಳು. ಈಗಲೂ ಎಡಕ್ಕೆ ತಿರುಗಿದಳು. ಅಜ್ಜಿ ಬಲಕ್ಕೆ ತಿರುಗಿದರು.

ಹಂಸಾ ಓಡಿಹೋಗಿ ತಡೆಯುವಷ್ಟರಲ್ಲಿ ಅಜ್ಜಿ ಡೇರೆಯೊಳಗೆ ನಿಂತಿದ್ದರು. ಮುಂದೆ ಮುದುಕರೊಬ್ಬರ ಫೋಟೋ, ಹಣ್ಣು, ಮೇಣದ ಬತ್ತಿ. ದುಂಡು ಮೇಜುಗಳ ಸುತ್ತ ಕೂತ ನಲವತ್ತು ಜನ ಕಡಲೆಕಾಯಿ ಸುಲಿಯುತ್ತ ಇಸ್ಪೀಟು ಆಡುತ್ತಿದ್ದರು. ಸತ್ತವರನ್ನು ಒಂಟಿಯಾಗಿ ಬಿಡಬಾರದು, ಎಚ್ಚರವಾಗಿ ಜೊತೆಗಿರಬೇಕು ಎಂದೇ ಅವರು ಹಾಗೆ ಆಡುವುದೆಂದು ಹಂಸಾಳಿಗೆ ಗೊತ್ತಿತ್ತು. ಅದನ್ನೇ ಅಜ್ಜಿಗೆ ಪಿಸುಮಾತಿನಲ್ಲಿ ವಿವರಿಸಿದಳು.

“ಜೋಡಿಗೆ ಇರಬೇಕು ಖರೆ,” ಎಂದರು ಮುರಿಗೆವ್ವ. “ಆದ್ರ ಹಿರೀ ಜೀವ ಹೋಗೇತಿ, ಭಜನಿ ಹಚ್ಚಾಕ ಒಬ್ಬರೂ ಇಲ್ಲಲ್ಲ ತಂಗಿ. ನಮ್ಮೂರಾಗ ಹಿಂಗ ಬಿಟ್ಟು ಮುಂದ ಹೋದ್ರ ಮಂದಿ ಏನಂತಾರ?”

ನಿಮ್ಮೂರಿನ ಮಂದಿ ಇಲ್ಲಿಲ್ಲ, ಅಲ್ಲಿ ತೊಟ್ಟಿಲು ಕಾಯುತ್ತಿದೆ ಎಂದು ಹಂಸಾ ಬೇಡಿಕೊಂಡಳು. ಅಷ್ಟರಲ್ಲಿ ಅಜ್ಜಿ ಫೋಟೋದ ಮುಂದೆ ನೆಲದ ಮೇಲೆ ಕೂತು, ತಾಳ ಬಿಚ್ಚಿ, ಹಂಸಾಳಿಗೂ ಗೊತ್ತಿದ್ದ ತತ್ವಪದವೊಂದನ್ನು ಎತ್ತಿಯೇಬಿಟ್ಟರು.

ಇಸ್ಪೀಟಿನ ಎಲೆಗಳು ಗಾಳಿಯಲ್ಲೇ ನಿಂತವು. ಸತ್ತವರ ಹಿರಿಯ ಮಗ ಬೂನ್ ಹಾಕ್ ಎದ್ದು ಬಂದ. ಅವನು ತಮ್ಮನ್ನು ಹೊರಗೆ ಕಳಿಸಿದರೆ ಸಾಕೆಂದು ಹಂಸಾ ಮನಸ್ಸಿನಲ್ಲೇ ದೇವರನ್ನು ಬೇಡುತ್ತಿರುವಾಗ ಅವನು ಎರಡು ಕುರ್ಚಿ ತಂದಿಟ್ಟ. ಆಗಲೇ ಅಜ್ಜಿಯ ಗಂಟಲು ಮೇಲಿನ ಸ್ವರದಲ್ಲಿ ಒಡೆದುಹೋಯಿತು. ಅವರು ತಾಳ ನಿಲ್ಲಿಸದೆ ಹಂಸಾಳತ್ತ ನೋಡಿದರು. ಅರ್ಧಕ್ಕೆ ನಿಂತ ಸಾಲು, ತುಂಬದ ಕೊಡದ ಹಾಗೆ, ಅವಳ ಮುಂದೆ ಬಾಯಿ ತೆರೆದುಕೊಂಡಿತ್ತು. ಸುರಿಯದೆ ಇರಲು ಅವಳಿಂದಾಗಲಿಲ್ಲ.

ಹಾಡಿದಳು. ಯಾರೋ ಮೈಕ್ ತಂದು ಬಾಯಿಯ ಹತ್ತಿರ ಹಿಡಿದರು. ಕಣ್ಣು ಮುಚ್ಚಿ ಮೇಲಕ್ಕೆ ಏರಿದಳು, ಸಾರಿನ ಕೂಗಿಗಾಗಿ ಕಿವಿ ತಾನಾಗಿ ಕಾಯಿತು. ಏನೂ ಬರಲಿಲ್ಲ. ಕಣ್ಣು ತೆರೆದರೆ ನಲವತ್ತು ಜನ ಕಡಲೆಕಾಯಿ ಬಿಟ್ಟು ಅವಳನ್ನೇ ನೋಡುತ್ತಿದ್ದರು. ಸತ್ತವರ ಮಗಳು ಮೂರು ದಿನದಿಂದ ಅತ್ತೇ ಇರಲಿಲ್ಲವಂತೆ, ಈಗ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಪರ್ಸಿನೊಳಗೆ ಫೋನು ಡಬ್ಬಿಯಲ್ಲಿ ಸಿಕ್ಕ ಜೀರುಂಡೆಯ ಹಾಗೆ ಗುಂಯ್‌ಗುಟ್ಟುತ್ತಿತ್ತು. ಹಂಸಾ ಪರ್ಸನ್ನು ಕಾಲಿನಿಂದ ಹಿಂದಕ್ಕೆ ಸರಿಸಿದಳು.

“ಆಂಟಿ, ವನ್ ಮೋರ್, ಕ್ಯಾನ್?” ಎಂದ ಬೂನ್ ಹಾಕ್.

ಆರು ಹಾಡಾಯಿತು. ತೀರಿಹೋದವರು ನಲವತ್ತು ವರ್ಷ ನೂಡಲ್ಸ್ ಮಾರಿ ಹೆಸರಾದವರು, ಹಾಗಾಗಿ ಚೀನೀ ಪತ್ರಿಕೆಯೊಂದರ ಹುಡುಗಿಯೂ ಬಂದಿದ್ದಳು. ಫೋಟೋ ತೆಗೆದು, ಹೆಸರು ನಂಬರು ಕೇಳಿದಳು. ಹಂಸಾ ಎರಡನ್ನೂ ಕೊಟ್ಟು, ಶಾಸ್ತ್ರೀಯವಾಗಿ ಕಲಿತವಳು ಎಂದು ಬರೆಯಲು ಮರೆಯಬೇಡಿ ಎಂದಳು. ಹೊರಡುವಾಗ ಮಗಳು ಅವಳ ಬೆರಳಿಗೆ ಕೆಂಪು ದಾರ ಸುತ್ತಿದಳು. ಸಾವಿನ ಕಡೆಯಿಂದ ಹೋಗುವವರಿಗೆ ಒಳ್ಳೆಯದಾಗಲೆಂದು ಕೊಡುವ ದಾರ. ಮನೆ ತಲುಪುವ ಮುಂಚೆ ದಾರಿಯಲ್ಲಿ ಬಿಸಾಡಬೇಕಂತೆ. ಹಂಸಾಳಿಗೆ ಬಿಸಾಡಲು ಮನಸ್ಸಾಗಲಿಲ್ಲ. ಅವಳಿಗೆ ಸಿಕ್ಕ ಮೊದಲ ಸನ್ಮಾನ ಅದು.

ನಾಮಕರಣದಲ್ಲಿ ಆಗಲೇ ಎಲೆ ಹಾಕಿದ್ದರು. ಮಗುವಿಗೆ ಹೆಸರಿಟ್ಟು, ಹಂಸಾಳ ಬದಲಿಗೆ ಕನ್ನಡಿಗರ ಬಳಗದ ಕಾಮಾಕ್ಷಿ ಎಂಬುವರು ಹಾಡಿ, ಎಲ್ಲ ಮುಗಿದಿತ್ತು. ಕಾಮಾಕ್ಷಿಯ ಕಣ್ಣು ನೇರವಾಗಿ ಬೆರಳಿನ ದಾರಕ್ಕೆ ಬಿತ್ತು.

“ಏನ್ರೀ ಹಂಸಾ, ಸಾವಿನ ಮನೆಯಿಂದ ಸೀದಾ ಬಂದ್ರಾ? ಸ್ನಾನ ಇಲ್ಲ, ಏನಿಲ್ಲ, ತೊಟ್ಟಿಲ ಹತ್ತಿರ?”

“ನಮ್ಮ ಲಿಂಗವಂತರಾಗ ಸೂತಕ ಅನ್ನೂದ ಇಲ್ಲವ್ವಾ,” ಎಂದ ಮುರಿಗೆವ್ವ ಅಜ್ಜಿ ಮರಿಮೊಮ್ಮಗನನ್ನು ಎತ್ತಿಕೊಂಡು ಹೋಳಿಗೆಯ ಎದುರು ಕೂತರು. ಆ ಧೈರ್ಯ ಹಂಸಾಳಿಗಿರಲಿಲ್ಲ. ಅವಳು ಊಟ ಮಾಡದೆ ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡಳು. ನೀರು ಸುರಿಯುವಾಗಲೂ ಏಳನೆಯ ಹಾಡು ಗುನುಗುತ್ತಿದ್ದಳು.

ಮರುದಿನ ಗಿರಿಧರ ಕಾಫಿ ಅಂಗಡಿಯಿಂದ ಆ ಪತ್ರಿಕೆ ತಂದ. ಒಳಪುಟದಲ್ಲಿ ಅಂಗೈಯಗಲ ಹಂಸಾ, ಕಣ್ಣು ಮುಚ್ಚಿ, ಮೈಕ್ ಹಿಡಿದು. ಸುತ್ತ ಚೀನೀ ಅಕ್ಷರಗಳು ಇರುವೆ ಸಾಲಿನಂತೆ. ಮಧ್ಯೆ ಓದಲು ಬರುವಂಥದ್ದು ಅವಳ ಫೋನ್ ನಂಬರೊಂದೇ. ಗಿರಿಧರ ಪತ್ರಿಕೆಯನ್ನೂ ಹೆಂಡತಿಯನ್ನೂ ಎರಡು ಸಲ ನೋಡಿ, “ನೀನೇ ಕಣೇ,” ಎಂದ, ಯಾರೋ ಹೊಸಬಳನ್ನು ಪರಿಚಯ ಮಾಡಿಕೊಡುವ ಹಾಗೆ. ವಾಟ್ಸಾಪ್‌ನಲ್ಲಿ ಕನ್ನಡಿಗರ ಗುಂಪಿಗೆ ಚಿತ್ರ ಹೋದದ್ದೇ ತಡ, ಅಭಿನಂದನೆಗಳ ಮಳೆ. ಗೋಪಿನಾಥ್ ತಾವೇ ಫೋನ್ ಮಾಡಿದರು. ರಾಜ್ಯೋತ್ಸವಕ್ಕೆ ಪೂರಾ ಒಂದು ಗಂಟೆ ಹಂಸಾಳದೇ, ಸಂಜೆ ಆರಕ್ಕೆ, ಅಡುಗೆಯವರನ್ನು ಎಂಟಕ್ಕೇ ಬರಹೇಳುತ್ತೇನೆ ಎಂದರು. ಅವಳು ಅಡುಗೆಮನೆಯ ಕಿಟಕಿಯ ಹತ್ತಿರ ಹೋಗಿ ನಿಂತಳು. ಕೆಳಗೆ ಬಸ್ಸು, ಸೈಕಲ್ಲು, ಜನ. ಇಡೀ ಟ್ಯಾಂಪಿನೀಸು ತನಗಾಗಿ ಕೈ ಖಾಲಿ ಮಾಡಿಕೊಂಡು ಕೂತಂತೆ ಕಂಡಿತು.

ಮಧ್ಯಾಹ್ನ ಶಿವಾನಿಯ ಆಫೀಸಿನ ಚೀನೀ ಗೆಳತಿ ಆ ಬರಹವನ್ನು ಓದಿ ಹೇಳಿದಳು. ಶಿವಾನಿ ಅದನ್ನು ಪ್ರಾಮಾಣಿಕವಾಗಿ ವಾಟ್ಸಾಪ್‌ಗೆ ಹಾಕಿದಳು: “ಹಿರಿಯರನ್ನು ಕಳಿಸಿಕೊಡಲು ಭಾರತೀಯ ತಂಡ. ಕೇಳಿದವರೆಲ್ಲ ಅತ್ತರು. ಅಂತ್ಯಸಂಸ್ಕಾರಕ್ಕೆ ಇವರನ್ನು ಕರೆಯಬೇಕಾದವರು ಈ ನಂಬರನ್ನು ಸಂಪರ್ಕಿಸಿ.”

ಅಭಿನಂದನೆಗಳು ಅಲ್ಲಿಗೇ ನಿಂತವು. ಹಂಸಾ ಹಾಡಬೇಕಿದ್ದ ತಮ್ಮ ಮಗಳ ಸೀಮಂತಕ್ಕೆ ಬೇರೆ ಏರ್ಪಾಡಾಗಿದೆ ಎಂದು ಕಾಮಾಕ್ಷಿ ತಿಳಿಸಿದರು. ಮೂರು ಗಂಟೆಗೆ ಗೋಪಿನಾಥ್ ಮತ್ತೆ ಫೋನ್ ಮಾಡಿದರು.

“ತಪ್ಪು ತಿಳ್ಕೋಬೇಡಿ ಹಂಸಾ. ಶುಭ ಸಮಾರಂಭ ನೋಡಿ. ಕಮಿಟೀಲಿ ವಯಸ್ಸಾದವರು ಇದ್ದಾರೆ, ನಿಮ್ಮನ್ನ ಸ್ಟೇಜ್ ಮೇಲೆ ನೋಡಿದ್ರೆ ಗಾಬರಿ ಆಗ್ತಾರೆ.”

ಅವಳು ಆಗಲಿ ಎಂದಳು. ಫೋನ್ ಇಟ್ಟ ಕೂಡಲೇ ಅದು ಮತ್ತೆ ಹೊಡೆದುಕೊಂಡಿತು. ಸೆರಂಗೂನ್ ಬಡಾವಣೆಯಿಂದ ಒಬ್ಬ ಹೆಂಗಸು. ನಿನ್ನೆ ಹಾಡು ಕೇಳಿದವಳಂತೆ. ದನಿಯಲ್ಲಿ ಎಷ್ಟು ವಿನಯ, ಎಷ್ಟು ಆಸೆ. ಪೂರಾ ಎರಡು ಗಂಟೆ ಬೇಕು, ಇನ್ನೂರು ಜನ ಬರುತ್ತಾರೆ, ನೀವು ಹಾಡುವಾಗ ಯಾರನ್ನೂ ಅಲ್ಲಾಡಲು ಬಿಡುವುದಿಲ್ಲ ಎಂದಳು. ಹಂಸಾ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು. ವಿದುಷಿಯರು ಕೂರುವ ಹಾಗೆ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುವಾರಕ್ಕೆ ಕೆಂಪು ಪೆನ್ನಿನಿಂದ ಸುತ್ತು ಹಾಕಿದಳು.

“ಯಾರು ಹೋದ್ರಂತೆ?” ಎಂದು ಕೇಳಿದ ಗಿರಿಧರ.

“ಅವಳ ಅತ್ತೆ,” ಎಂದಳು ಹಂಸಾ. “ಇನ್ನೂ ಹೋಗಿಲ್ಲ. ಡಾಕ್ಟರು ಬುಧವಾರ ಅಂದಿದ್ದಾರಂತೆ. ಅಷ್ಟರಲ್ಲಿ ನನ್ನ ಡೇಟು ಬೇರೆಯವರಿಗೆ ಹೋಗಿಬಿಟ್ಟರೆ ಅಂತ ಅವಳಿಗೆ ಭಯ.”