ಜಯಪ್ರಕಾಶನ ಓಪನ್ ಕಾರು

ಆಷಾಢದಂತೆ ಶುಭಕಾರ್ಯಗಳಿಲ್ಲದ ಆಟಿ ತಿಂಗಳಿಗೆಂದು ತವರಿಗೆ ಹೋದ ಹೊಸ ಹೆಂಡತಿಯನ್ನು ಸೋಣ ತಿಂಗಳು ಹುಟ್ಟಿದ ಕೂಡಲೇ ಕರೆತರುವುದು ವಾಡಿಕೆ. ಇಚಿಲಂಪಾಡಿಯ ಜಯಪ್ರಕಾಶನೂ ಅಂಗಿಗೆ ಇಸ್ತ್ರಿ ಹಾಕಿ ಸುಳ್ಯಕ್ಕೆ ಹೊರಟವನೇ. ಹೊರಡುವ ಮೊದಲು ಫೋನು ಮಾಡಿದ್ದೇ ತಪ್ಪಾಯಿತು.

“ಕಾರು ಹೋಯ್ತಾ?” ಎಂದು ಕೇಳಿದಳು ಭವಿತಾ.

“ಇಲ್ಲ ಮಾರಾಯ್ತಿ. ಆಟಿಯಲ್ಲಿ ಯಾರು ಕಾರು ತೆಗೊಳ್ತಾರೆ?”

“ಹಾಗಾದ್ರೆ ನಾನೂ ಬರುದಿಲ್ಲ. ಮದುವೆ ಆದ ಮೇಲೆ ನಿಮ್ಮ ಮುಖಕ್ಕಿಂತ ಕಾರಿನಡಿಯಿಂದ ಹೊರಗೆ ಬಂದ ನಿಮ್ಮ ಕಾಲು ನೋಡಿದ್ದೇ ಜಾಸ್ತಿ. ಅದು ಮನೆಯಿಂದ ಹೋಗ್ಲಿ, ಮತ್ತೆ ಬನ್ನಿ.”

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಗುಂಡ್ಯದ ಗುಜರಿಯಲ್ಲಿ ಕೋಳಿ ಮೊಟ್ಟೆಯಿಡುತ್ತಿದ್ದ ಆ ಹಳೆಯ ಓಪನ್ ಕಾರನ್ನು ತಂದು, ಯಾವುದೋ ವ್ಯಾನಿನ ಎಂಜಿನ್ನು, ಯಾವುದೋ ಬಸ್ಸಿನ ಸೀಟು ಕೂರಿಸಿ, ಕೆಂಪು ಬಣ್ಣ ಬಳಿದು, ಮಡಚುವ ಟಾಪನ್ನು ತಾನೇ ಹೊಲಿದಿದ್ದ. ಊರೆಲ್ಲ ಮೆಚ್ಚಿದ ಕಾರೇ. ಆದರೆ ಭವಿತಾ ಎಂದರೆ ಅವನಿಗೆ ಜೀವ. ಆಟಿ ಪೂರ್ತಿ ತಾನೇ ಗಂಜಿ ಬೇಯಿಸಿ ಕುಡಿದವನಿಗೆ ಕಾರು ದೊಡ್ಡದೋ ಹೆಂಡತಿ ದೊಡ್ಡವಳೋ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂದೇ ಕಾರಿನ ಫೋಟೋವನ್ನು ವಾಟ್ಸಾಪಿಗೆ ಹಾಕಿದ.

ಮರುದಿನ ಬೆಳಗ್ಗೆಯೇ ಪುತ್ತೂರಿನಿಂದ ಝಾಕಿರ್ ಎಂಬವರ ಫೋನು. ಮಧ್ಯಾಹ್ನ ನೋಡಲು ಬರುತ್ತಾರಂತೆ.

ಸುದ್ದಿ ತಿಳಿದು ಮೊದಲು ಬಂದವರು ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟ್ರು ಮುರಳಿಕೃಷ್ಣ. ರಾತ್ರಿಯ ಮಳೆಗೆ ಸೀಟಿನಲ್ಲಿ ನಿಂತ ನೀರಿಗೆ ಬೆರಳು ಅದ್ದಿ ನೋಡಿದರು.

“ಎಂತ ಜಯಪ್ರಕಾಶ, ಇದರಲ್ಲಿ ಮೀನು ಸಾಕುದಾ?”

“ಟಾಪಿನ ಹೊಲಿಗೆಯಲ್ಲಿ ಸೋರ್ತದೆ ಮಾಸ್ಟ್ರೆ.”

“ಅಷ್ಟೇನಾ? ನಮ್ಮಲ್ಲಿ ರೈನ್‌ಗಾರ್ಡ್ ಗಮ್ಮು ಉಂಟಲ್ಲ!”

ಮಳೆಗಾಲದಲ್ಲಿ ರಬ್ಬರ್ ಮರಕ್ಕೆ ಪ್ಲಾಸ್ಟಿಕ್ಕಿನ ಲಂಗ ತೊಡಿಸುತ್ತಾರಲ್ಲ, ಅದನ್ನು ಮರಕ್ಕೆ ಹಿಡಿಸುವ ಕಪ್ಪು ಅಂಟು ಇದು. ಕಡಬದ ಕಡೆಯವರಿಗೆ ಅದರ ಮೇಲಿರುವ ನಂಬಿಕೆ ಡಾಕ್ಟರ ಮೇಲೂ ಇಲ್ಲ. ಬಕೆಟಿನ ತೂತಿಗೂ ಅದೇ, ಚಪ್ಪಲಿಯ ಅಟ್ಟೆಗೂ ಅದೇ. ಮಾಸ್ಟ್ರು ಡಬ್ಬಿಯನ್ನೇ ತಂದರು. ಇಬ್ಬರೂ ಸೇರಿ ಹೊಲಿಗೆಗೆಲ್ಲ ಬಳಿದರು, ಉಳಿದದ್ದು ದಂಡವಾಗುವುದು ಬೇಡವೆಂದು ಟಾಪು ಮಡಚುವ ಸಂದಿಗಳಿಗೂ ಬಳಿದರು. ನೀರು ಹೊಯ್ದರೆ ಒಂದು ಹನಿ ಒಳಗಿಳಿಯಲಿಲ್ಲ. ಮಾಸ್ಟ್ರು ಹೆಮ್ಮೆಯಿಂದ ಮೀಸೆ ತಿರುವಿದರು, ಮೀಸೆಯೂ ಹಾಗೆಯೇ ನಿಂತಿತು.

ಝಾಕಿರ್ ಬಸ್ಸಿಳಿದು ಬರುವ ಹೊತ್ತಿಗೆ ಮೋಡ ಸರಿದು ಸುಡುಬಿಸಿಲು ಬಂದಿತ್ತು. ಅಂಗಳದಲ್ಲಿ ಎದುರುಮನೆಯ ದೇವಮ್ಮಜ್ಜಿ ಆಗಲೇ ಕುರ್ಚಿ ಎಳೆದು ಕೂತಿದ್ದರು.

“ಒಳ್ಳೆ ಕಾರು ಮಾರಾಯ್ರೆ,” ಎಂದರು ಅಜ್ಜಿ, ಯಾರೂ ಕೇಳದಿದ್ದರೂ. “ನನಗೆ ಜ್ವರ ಬಂದಾಗ ಇದರಲ್ಲೇ ಕಡಬಕ್ಕೆ ಕರಕೊಂಡು ಹೋದ್ದು. ಆಸ್ಪತ್ರೆ ಮುಟ್ಟುವಾಗ ಜ್ವರವೇ ಬಿಟ್ಟಿತ್ತು.”

“ಅಷ್ಟು ಒಳ್ಳೆ ಗಾಳಿಯಾ ಅಜ್ಜಿ?”

“ಗಾಳಿ ಅಲ್ಲ, ಅಷ್ಟು ಹೊತ್ತು ಹಿಡಿದಿತ್ತು.”

ಜಯಪ್ರಕಾಶ ಬೆವರೊರೆಸಿಕೊಂಡ. ಝಾಕಿರ್ ನಕ್ಕು, “ಟಾಪು ತೆಗೀರಿ, ಓಪನ್ ನೋಡುವ,” ಎಂದರು.

ಬಿಸಿಲಿಗೆ ಕರಗಿದ ಗಮ್ಮು ಟಾಪನ್ನೂ ಬಾಡಿಯನ್ನೂ ಅಣ್ಣತಮ್ಮಂದಿರಂತೆ ಒಂದು ಮಾಡಿತ್ತು. ಜಯಪ್ರಕಾಶ ಎಳೆದ, ಬರಲಿಲ್ಲ. ಮಾಸ್ಟ್ರು ಎರಡೂ ಕೈ ಕೊಟ್ಟರು. ಟಾಪು ಬರಲಿಲ್ಲ, ಮಾಸ್ಟ್ರ ಕೈಯೂ ವಾಪಸು ಬರಲಿಲ್ಲ.

“ಹಲಸಿನ ಮೇಣಕ್ಕೆ ಎಂತ ಮಾಡುದು? ಎಣ್ಣೆ ಹಾಕಿ!” ಎಂದು ಅಜ್ಜಿ ತೆಂಗಿನೆಣ್ಣೆಯ ಬಾಟಲಿ ತಂದು ಮಾಸ್ಟ್ರ ಕೈ, ಟಾಪು, ಸೀಟು ಒಂದನ್ನೂ ಬಿಡದೆ ಸುರಿದರು. ಮಾಸ್ಟ್ರು ಬಿಡಿಸಿಕೊಂಡರು. ಜಯಪ್ರಕಾಶ ಕಾರಿಗೆ ಕಾಲು ಕೊಟ್ಟು ಮತ್ತೊಮ್ಮೆ ಎಳೆದ. ಪರ್ರೆಂದು ಸದ್ದಾಯಿತು. ಟಾಪು ಬುಡಸಮೇತ ಕಿತ್ತು ಬಂದು, ಅವನು ಅಂಗಾತ ಬಿದ್ದು, ಕುಕ್ಕೆಯಡಿಯ ಕೋಳಿಯಂತೆ ಅದರೊಳಗೆ ಮುಚ್ಚಿಹೋದ.

ಏಳಲು ಮನಸ್ಸಾಗಲಿಲ್ಲ. ಇನ್ನು ಈ ಕಾರನ್ನು ಯಾರು ತೆಗೊಳ್ಳುತ್ತಾರೆ, ಭವಿತಾ ಯಾವಾಗ ಬರುತ್ತಾಳೆ ಎಂದು ನೆನೆದು ಕಣ್ಣು ತುಂಬಿ ಬಂತು. ಹೊರಗೆ ಝಾಕಿರ್ ದೂರ ಹೋಗಿ ಯಾರೊಂದಿಗೋ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ತಿರುಗಿ ಬಂದವರು ಟಾಪನ್ನು ಎತ್ತಿ ಇಣುಕಿದರು.

“ಅಡ್ಡಿಲ್ಲ ಜಯಪ್ರಕಾಶಣ್ಣ, ನಾನು ತೆಗೊಳ್ತೇನೆ. ಹೀಗೇ ಓಡಿಸ್ಕೊಂಡು ಹೋಗ್ತೇನೆ.”

ಚೌಕಾಸಿ ಇಲ್ಲ, ಕೊಂಕಿಲ್ಲ. ಕೇಳಿದ್ದನ್ನು ಕೊಟ್ಟು, ಎಣ್ಣೆ ಸೀಟಿನ ಮೇಲೆ ಜಾರುತ್ತಲೇ ಕೂತು, ಝಾಕಿರ್ ಹೊರಟೇಬಿಟ್ಟರು. ಜಯಪ್ರಕಾಶ ಸುಳ್ಯಕ್ಕೆ ಫೋನು ಮಾಡಿದ.

“ಹೋಯ್ತು ಭವಿತಾ!”

“ನಿಜವಾ?” ಎಷ್ಟೋ ದಿನಗಳ ಮೇಲೆ ಅವಳ ದನಿಯಲ್ಲಿ ನಗು ಕೇಳಿಸಿತು. “ಬೇಗ ಬನ್ನಿ, ಬ್ಯಾಗು ತುಂಬಿಸಿ ಇಡ್ತೇನೆ.”

ಅವನು ಮೈತಿಕ್ಕಿ ಸ್ನಾನ ಮಾಡಿ, ಕಡಬದಲ್ಲಿ ಬಸ್ಸು ಹಿಡಿದು, ಸಂಜೆ ಮಾವನ ಅಂಗಳ ತಲುಪಿದ. ತಲುಪಿದವನು ಅಲ್ಲೇ ಕಂಬವಾದ.

ಅಂಗಳದ ನಡುವೆ, ಬಾನೆಟ್ಟಿಗೆ ಸೇವಂತಿಗೆ ಮಾಲೆ ಹಾಕಿಕೊಂಡು, ಟಾಪಿಲ್ಲದ ಕೆಂಪು ಕಾರು ನಿಂತಿತ್ತು. ಜಗಲಿಯಲ್ಲಿ ಝಾಕಿರ್ ಚಹಾ ಕುಡಿಯುತ್ತಿದ್ದರು.

“ಬನ್ನಿ ಅಳಿಯಂದಿರೆ!” ಎಂದು ಮಾವ ದೇರಣ್ಣ ಗೌಡರು ಇಳಿದು ಬಂದು ಕೈ ಹಿಡಿದುಕೊಂಡರು. “‘ಅವರು ಕಾರು ಮಾರಿದ ಮೇಲೆಯೇ ಹೋಗುದು’ ಅಂದಳು ಇವಳು. ಕಾರಣ ಕೇಳಿದ್ರೆ ಬಾಯಿ ಬಿಡುದಿಲ್ಲ. ನನಗೆ ಗೊತ್ತಾಗುದಿಲ್ವಾ? ಜೀವದ ಹಾಗೆ ನೋಡಿಕೊಂಡ ಕಾರು ಮಾರ್ಬೇಕಾದ್ರೆ ಎಷ್ಟು ಕಷ್ಟ ಇರ್ಬೇಕು ನಿಮಗೆ! ನಮ್ಮ ಕಾಳುಮೆಣಸು ತೆಗೊಳ್ಳುವ ಝಾಕಿರ್ ಹತ್ರ ಹೇಳಿದೆ, ಹೇಗಿದ್ರೂ ಬಿಡ್ಬೇಡ ಅಂತ. ಆಟಿ ಕೂತ ಮಗಳನ್ನು ಬರಿಗೈಯಲ್ಲಿ ಕಳಿಸುದುಂಟಾ? ಇದು ನಮ್ಮ ಉಡುಗೊರೆ. ಇನ್ನು ಇದನ್ನು ಮಾರಿದ್ರೆ ನಮ್ಮನ್ನೇ ಮಾರಿದ ಹಾಗೆ!”

ಜಯಪ್ರಕಾಶನ ಕಣ್ಣಲ್ಲಿ ನೀರು ಬಂತು. ಮಾವನಿಗೆ ಅದನ್ನು ಕಂಡು ತುಂಬ ಸಂತೋಷವಾಯಿತು.

ಬಾಗಿಲಲ್ಲಿ ಭವಿತಾ, ಹೊಸ ಸೀರೆ ಉಟ್ಟು, ಕಾಲ ಬಳಿ ಬ್ಯಾಗು ಇಟ್ಟುಕೊಂಡು ನಿಂತಿದ್ದಳು. ಕಾರನ್ನು ನೋಡಿದಳು, ಗಂಡನನ್ನು ನೋಡಿದಳು, ಬ್ಯಾಗನ್ನು ಎತ್ತಿಕೊಂಡಳು. ಬರುತ್ತಾಳೆಂದು ಅವನ ಜೀವ ಹಗುರಾಯಿತು.

“ಅಪ್ಪಾ, ಅವರನ್ನು ಕಾರಿನ ಜೊತೆ ಕಳಿಸಿ,” ಎನ್ನುತ್ತ ಅವಳು ಒಳಗೆ ನಡೆದಳು. “ನಾನು ಬರುವ ವರ್ಷದ ಆಟಿಯನ್ನೂ ಇಲ್ಲೇ ಕೂತು ಮುಗಿಸಿ ಹೋಗ್ತೇನೆ.”