ಆರುನೂರ ಹನ್ನೊಂದು ಮಂದಿಯ ಪರವಾಗಿ, ಮರಕ್ಕೆ ಕಟ್ಟಿದ ಕ್ಯಾಮೆರಾಗೆ

ಮಾನ್ಯ ಕ್ಯಾಮೆರಾ ಮಹಾಶಯರೇ,

ಹಾಗಾಗಿ ನಿನ್ನೆ ಹೇಳುತ್ತಿದ್ದುದೇನೆಂದರೆ, ಎರಡನೆಯ ಸಲ ನಾನು ಬಂದದ್ದು ಛತ್ರಿಗೆ, ಮೂರನೆಯ ಸಲ ಬಂದದ್ದು ಕನ್ನಡಕಕ್ಕೆ. ಕಾಡಿನ ಮೇಲೆ ದಾಳಿ ಮಾಡುವ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಆದರೆ ಬಾಯಿಮಾತಿನಲ್ಲಿ ಹೇಳಿದರೆ ತಾವು ಹತ್ತು ಸೆಕೆಂಡಿಗೆ ಕಣ್ಣು ಮುಚ್ಚಿಬಿಡುತ್ತೀರಿ. ಆದ್ದರಿಂದ ಇಂದು ಕಾಗದ, ಪೆನ್ನು ತಂದು, ತಮ್ಮೆದುರಿನ ದಿಮ್ಮಿಯ ಮೇಲೆಯೇ ಕುಳಿತು ಬರೆಯುತ್ತಿದ್ದೇನೆ. ತಮ್ಮ ಗಾಜಿನ ಕಣ್ಣು, ಸೊಂಟಕ್ಕೆ ಸುತ್ತಿದ ಹಸಿರು ಪಟ್ಟಿ, ಅದಕ್ಕೆ ಹಾಕಿದ ಪುಟ್ಟ ಬೀಗ ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ. ಕಾಲೇಜಿನಲ್ಲಿ ನಮಗೆ ಅರ್ಜಿ ಬರೆಯಲು ಕಲಿಸಿದ ಇಂಗ್ಲಿಷ್ ಮೇಷ್ಟ್ರು, 'ನಾಟ್‌ವಿತ್‌ಸ್ಟ್ಯಾಂಡಿಂಗ್' ಎಂಬ ಮಾತಿಲ್ಲದ ದೂರನ್ನು ಯಾವ ಕಚೇರಿಯೂ ಓದುವುದಿಲ್ಲ ಎಂದಿದ್ದರು. ಅದರ ಅರ್ಥ ಮರೆತುಹೋಗಿದೆ, ತೂಕ ಮಾತ್ರ ನೆನಪಿದೆ. ಅಲ್ಲಲ್ಲಿ ಹಾಕುತ್ತೇನೆ, ತಾವೇ ಹೊಂದಿಸಿಕೊಳ್ಳಬೇಕು.

ಅಂಡರ್‌ಸೈನ್ಡ್ ಆದ ನಾನು ಮೂವತ್ತೊಂದು ವರ್ಷ ಅಂಗಡಿಗಳ ತಕ್ಕಡಿ ಪರೀಕ್ಷಿಸಿ, ತೂಕದ ಬಟ್ಟುಗಳಿಗೆ ಮುದ್ರೆ ಒತ್ತಿ ನಿವೃತ್ತನಾದವನು. ತಾವು ನೇತಾಡುತ್ತಿರುವ ಈ ಒಂಬತ್ತು ಎಕರೆ ಕಾಡು ನನ್ನಾಕೆಗೆ ಅವಳ ತಂದೆಯಿಂದ ಬಂದದ್ದು, ನನಗೆ ಅವಳಿಂದ ಬಂದದ್ದು. ಖಾಸಗಿ ಕಾಡು ಎಂದು ಕಾಗದದಲ್ಲಿತ್ತೇ ಹೊರತು, ಊರಿನವರೆಲ್ಲ ಇಲ್ಲಿಗೆ ಬರುತ್ತಿದ್ದರು. ಸೌದೆಗೆ ಬರುವವರು ಸೌದೆಗೆ, ಮನೆಯಲ್ಲಿ ಹೇಳಲಾಗದ ಪ್ರೀತಿಯವರು ಪ್ರೀತಿಗೆ, ಇನ್ನು ಕೆಲವರು ಚೊಂಬು ಹಿಡಿದು. ನನ್ನಾಕೆ ಒಂದು ದಿನವೂ ಬೇಲಿ ಹಾಕಲಿಲ್ಲ. ಯಾರಾದರೂ ಹಸಿ ಮರಕ್ಕೆ ಕೊಡಲಿ ಇಟ್ಟರೆ ಮಾತ್ರ ಇಲ್ಲಿಂದ ಅಲ್ಲಿಗೆ ಕೇಳುವಂತೆ ಕೂಗುತ್ತಿದ್ದಳು. ಈಗ ನಾನು ಒಪ್ಪಿ ಬಿಟ್ಟುಕೊಟ್ಟರೆ ಅರಣ್ಯ ಇಲಾಖೆಯವರು ಇದನ್ನು ಸಂರಕ್ಷಿತ ಸಾರ್ವಜನಿಕ ಕಾಡು ಮಾಡುತ್ತಾರಂತೆ, ಮತ್ತು ಸಾರ್ವಜನಿಕವಾದ ದಿನದಿಂದ ಸಾರ್ವಜನಿಕರಿಗೆ ಪ್ರವೇಶವಿಲ್ಲವಂತೆ! ಖಾಸಗಿಯಾಗಿದ್ದಾಗ ಎಲ್ಲರದ್ದಾಗಿದ್ದದ್ದು ಎಲ್ಲರದ್ದಾದ ಮೇಲೆ ಯಾರದ್ದೂ ಅಲ್ಲದಂತಾಗುವ ಈ ಚಮತ್ಕಾರವನ್ನು ತಕ್ಕಡಿಯವರು ಎಷ್ಟೇ ಕೈಚಳಕ ತೋರಿಸಿದರೂ ಮಾಡಲಾರರು. ಅದಕ್ಕಾಗಿ ಇಲಾಖೆಗೆ ನನ್ನ ಹೃತ್ಪೂರ್ವಕ ಅಭಿನಂದನೆಗಳು.

ಇದರಲ್ಲಿ ತಮ್ಮ ಸೇವೆಯೂ ಸಣ್ಣದಲ್ಲ. ಮೂರು ತಿಂಗಳ ಹಿಂದೆ ತಮ್ಮನ್ನು ಮರಕ್ಕೆ ಕಟ್ಟಿಹೋದ ಮಾರನೆಯ ದಿನದಿಂದಲೇ ಚೊಂಬಿನವರು ನಾಚಿಕೊಂಡರು, ಪ್ರೀತಿಯವರು ಹೆದರಿಕೊಂಡರು, ಸೌದೆಯವರು ಬೇರೆ ದಾರಿ ಹಿಡಿದರು. ಬರುವುದನ್ನು ಬಿಡದವನು ನಾನೊಬ್ಬನೇ. ನಾಲ್ಕು ಗಂಟೆಗೆ ಬಂದು, ಈ ದಿಮ್ಮಿಯ ಮೇಲೆ ಕುಳಿತು, ಎದ್ದುಹೋಗಿ, ಛತ್ರಿ ಮರೆತೆನೆಂದು ತಿರುಗಿ ಬಂದು, ಮನೆ ಬಾಗಿಲಲ್ಲಿ ಕನ್ನಡಕದ ನೆನಪಾಗಿ ಮತ್ತೊಮ್ಮೆ ಬರುವವನು. ತಾವೋ, ಬಂದರೊಂದು, ಕೂತರೊಂದು, ಹೋದರೊಂದು ಎಂದು ಹತ್ತು ಸೆಕೆಂಡಿನ ವಿಡಿಯೋ ಚಿತ್ರ ತೆಗೆಯುತ್ತ ಹೋದಿರಿ. ಮುಳ್ಳುಹಂದಿ ಮೂರು, ಅದರಲ್ಲೊಂದು ಹಿಂಭಾಗ ಮಾತ್ರ. ಮನುಷ್ಯರು ಆರುನೂರ ಹನ್ನೊಂದು.

ಶಾಲೆಯಲ್ಲಿ ಸಭೆ ನಡೆದ ದಿನ ತಾವಿರಲಿಲ್ಲ, ಆದ್ದರಿಂದ ವಿವರಿಸುತ್ತೇನೆ. ಒಂದನೆಯ ತರಗತಿಯ ಬೆಂಚುಗಳಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಊರಿಗೆ ಊರೇ ಕುಳಿತಿತ್ತು. ಅಧಿಕಾರಿಗಳು ಬಿಳಿ ಪರದೆಯ ಮೇಲೆ, ಈ ಮರದಿಂದ ತಾವು ತೆಗೆದ ಚಿತ್ರಗಳನ್ನು ತೋರಿಸಿದರು. ಗೌಪ್ಯತೆಯ ನಿಯಮವಂತೆ, ಮನುಷ್ಯರ ಮುಖಗಳನ್ನೆಲ್ಲ ಮಸುಕು ಮಾಡಿದ್ದರು. ದಿನಕ್ಕೆ ಸರಾಸರಿ ಏಳು ಮಂದಿ ನುಗ್ಗುತ್ತಿದ್ದಾರೆ, ಮುಳ್ಳುಹಂದಿಗಳು ಒತ್ತಡದಲ್ಲಿವೆ, ಕಾಲುದಾರಿಯನ್ನು ಮುಚ್ಚಿ ಬೇಲಿ ಹಾಕದೆ ವಿಧಿಯಿಲ್ಲ ಎಂದರು. ಪರದೆಯ ಮೇಲೆ ಮುಖವಿಲ್ಲದ ಏಳು ಮಂದಿ, ಐದು ಮಂದಿಯ ಬಲಗೈಯಲ್ಲಿ ಹಿಡಿ ಮುರಿದ ಅದೇ ಛತ್ರಿ, ಮಿಕ್ಕಿಬ್ಬರು ಅದನ್ನು ದಿಮ್ಮಿಯ ಮೇಲೆ ಮರೆತವರು. ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕೊನೆಗೆ ನಮ್ಮ ಕ್ಷೌರಿಕ ಎದ್ದು ನಿಂತ. "ಸಾರ್, ಮುಖ ಅಳಿಸಿದ್ರೇನಾಯ್ತು, ಆ ಹಿಂದಲೆ ನಂದೇ ಕೆಲಸ. ಏಳು ಜನಾನೂ ತಿಂಗಳಿಗೊಂದ್ಸಲ ನನ್ನ ಕುರ್ಚೀಲಿ ಒಟ್ಟಿಗೇ ಕೂತ್ಕೋತಾರೆ!" ಎಂದ. ಸಭೆ ನಕ್ಕ ನಗೆಗೆ ಬೆಂಚುಗಳು ಕಿರುಗುಟ್ಟಿದವು. ಅಧಿಕಾರಿಗಳು ಒಳ್ಳೆಯವರು, ಅವರೂ ನಕ್ಕರು. ನಕ್ಕು, "ಏನ್ಮಾಡೋದು ಯಜಮಾನರೇ, ವರದಿ ಮೇಲಕ್ಕೆ ಹೋಗಿಬಿಟ್ಟಿದೆ" ಎಂದರು. ಮೇಲಕ್ಕೆ ಹೋದದ್ದು ಕೆಳಗೆ ಬರುವುದಿಲ್ಲವೆಂದು ನಾನೂ ಬಲ್ಲೆ, ಸರ್ಕಾರಿ ಉಪ್ಪು ತಿಂದವನಲ್ಲವೇ.

ಆಗ ನಾನು ಎದ್ದು, ಹೌದು ಸ್ವಾಮಿ, ಅಷ್ಟೂ ಜನ ನಾನೇ ಎನ್ನಬಹುದಿತ್ತು. ಅಂದಿದ್ದರೆ, ದಿನಾ ಅಲ್ಲೇನು ಕೆಲಸ ಎಂದು ಕೇಳುತ್ತಿದ್ದರು. ಆ ಕೆಲಸವನ್ನು ನಾಲ್ಕು ಜನರೆದುರು ಹೇಳುವುದು ಹೇಗೆ? ತಮಗಾದರೆ ಗೊತ್ತು, ಎಲ್ಲವನ್ನೂ ಕೇಳಿಸಿಕೊಂಡಿದ್ದೀರಿ. ಗ್ಯಾಸ್ ಒಲೆಯ ಎಡಗಡೆ ಉರಿ ಹತ್ತುತ್ತಿಲ್ಲ ಎಂಬುದರಿಂದ ಹಿಡಿದು, ಎದುರುಮನೆಯವರ ಮಗುವಿಗೆ ಹಲ್ಲು ಬಂದದ್ದರವರೆಗೆ, ನನ್ನಾಕೆ ಹೋದ ನಾಲ್ಕು ವರ್ಷಗಳಿಂದ ನಾನು ದಿನದ ಸುದ್ದಿಯನ್ನು ಒಪ್ಪಿಸುವುದು ಇಲ್ಲಿಯೇ. ಗಾಳಿಗೆ ಬಿದ್ದ ಈ ಮರವನ್ನು ಮಾರಬೇಡಿ, ಕುಳಿತುಕೊಳ್ಳಲು ಇರಲಿ ಎಂದವಳು ಅವಳು. ಎಡಗಡೆ ಅವಳ ಜಾಗ, ನಾನು ಈಗಲೂ ಬಲಗಡೆಗೇ ಕೂರುತ್ತೇನೆ. ತಮ್ಮ ಚಿತ್ರಗಳಲ್ಲಿ ದಿಮ್ಮಿಯ ಅರ್ಧ ಯಾವಾಗಲೂ ಖಾಲಿ ಇರುವುದನ್ನು ಯಾವ ಅಧಿಕಾರಿಯೂ ಎಣಿಸಿದಂತಿಲ್ಲ. ಸಭೆಯಲ್ಲಿ ಶಬ್ದ ಬಂದ್ ಮಾಡಿ ತೋರಿಸಿದರಲ್ಲ, ಆ ಒಂದು ಉಪಕಾರಕ್ಕೆ ನಾನು ಚಿರಋಣಿ.

ನಾಟ್‌ವಿತ್‌ಸ್ಟ್ಯಾಂಡಿಂಗ್, ನನ್ನ ಭಾವಮೈದ, ಅಂದರೆ ನನ್ನಾಕೆಯ ತಮ್ಮ, ಮರ ಕೊಯ್ಯುವ ಮಿಲ್ಲಿನ ಮಾಲೀಕ, ಸಭೆ ಮುಗಿದ ಮೇಲೆ ಶಾಲೆಯ ನಲ್ಲಿಯ ಹತ್ತಿರ ನನ್ನ ಹೆಗಲ ಮೇಲೆ ಕೈ ಹಾಕಿದ. "ಭಾವ, ಆ ಇಲಾಖೆಯವರಿಗೆ ಯಾಕೆ ಕೊಡ್ತೀರಿ? ನನಗೆ ಬಿಟ್ಟುಕೊಡಿ. ನಿಮ್ಮ ದಿಮ್ಮೀನ ಮುಟ್ಟಲ್ಲ, ಅಕ್ಕನಾಣೆ. ದಾರಿಗೆ ಕಲ್ಲು ಹಾಸಿಸಿಕೊಡ್ತೀನಿ, ದಿನಾ ಬಂದು ಕೂತ್ಕೊಳ್ಳಿ" ಎಂದ. ಮಿಕ್ಕ ಮರಗಳು ಏನಾಗುತ್ತವಪ್ಪ ಎಂದೆ. "ಮಿಕ್ಕಿದ್ದು ಬಿಡಿ ಭಾವ, ನಾನು ನೋಡ್ಕೋತೀನಿ" ಎಂದ. ಅವನು ಮರಗಳನ್ನು ಹೇಗೆ ನೋಡಿಕೊಳ್ಳುತ್ತಾನೆಂದು ಮಿಲ್ಲಿನ ಹಿಂದಿನ ಹೊಟ್ಟಿನ ಗುಡ್ಡೆ ನೋಡಿದವರಿಗೆ ಬೇರೆ ಹೇಳಬೇಕಿಲ್ಲ. ಹೀಗೆ, ಒಂದು ಕಡೆ ದಿಮ್ಮಿ ಇಲ್ಲದ ಕಾಡು, ಇನ್ನೊಂದು ಕಡೆ ಕಾಡಿಲ್ಲದ ದಿಮ್ಮಿ. ಯಾರಿಗೂ ಕೊಡದೆ ಇಟ್ಟುಕೊಂಡರೆ, ಮಕ್ಕಳಿಲ್ಲದ ನಾನು ಹೋದ ಮೇಲೆ ಕೊಡಲಿಯನ್ನು ತಡೆಯುವವರು ಯಾರು? ಮೂವತ್ತೊಂದು ವರ್ಷ ತಕ್ಕಡಿಯ ಮುಳ್ಳನ್ನು ನೋಡಿದ ಕಣ್ಣು ಇದು. ಎಂಟು ದಿನ ನೋಡಿದೆ, ಮುಳ್ಳು ನಿಲ್ಲಲಿಲ್ಲ.

ಆದ್ದರಿಂದ ತಮ್ಮಲ್ಲಿ ಐ ಬೆಗ್ ಟು ಪ್ರಾರ್ಥಿಸುವುದೇನೆಂದರೆ, ತಾವು ದೊಡ್ಡ ಮನಸ್ಸು ಮಾಡಿ ವರದಿಯ ಮನುಷ್ಯರ ಪಟ್ಟಿಯಿಂದ ನನ್ನನ್ನು ತೆಗೆದು ಪ್ರಾಣಿಗಳ ಪಟ್ಟಿಗೆ ಸೇರಿಸಬೇಕು. ಅರ್ಹತೆಗಳು ಇಲ್ಲವೆಂದಲ್ಲ. ಒಂಟಿಯಾಗಿ ತಿರುಗುತ್ತದೆ, ನಿಗದಿತ ಹೊತ್ತಿಗೆ ಬರುತ್ತದೆ, ಒಂದೇ ಜಾಗದಲ್ಲಿ ಕೂರುತ್ತದೆ, ಮೆಲ್ಲಗೆ ಸದ್ದು ಮಾಡುತ್ತದೆ, ಸಂಖ್ಯೆ ಒಂದೇ ಒಂದು, ಹೆಚ್ಚುವ ಸಂಭವವಿಲ್ಲ. ಮುಳ್ಳುಹಂದಿಗಿಂತ ವಿರಳವಾದ ಈ ಜೀವಿಗೆ ಬೇಲಿಯ ಒಳಗಡೆ ಸಂಜೆ ಒಂದು ಗಂಟೆಯ ಕಾಲ ರಕ್ಷಣೆ ಕೊಟ್ಟರೆ ಸರ್ಕಾರಕ್ಕೆ ನಷ್ಟವೇನು? ಕೊರಳಿಗೆ ಪಟ್ಟಿ ಕಟ್ಟುವುದಾದರೂ ಆಗಬಹುದು, ಅಳತೆ ಹದಿನೈದೂವರೆ ಅಂಗುಲ.

ಕಾಡನ್ನು ಇಲಾಖೆಗೆ ಬಿಟ್ಟುಕೊಡುವ ಒಪ್ಪಿಗೆ ಪತ್ರ ನನ್ನ ಜೇಬಿನಲ್ಲಿದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಕಚೇರಿಗೆ ಕೊಡಬೇಕು; ಕೊಟ್ಟ ಕೂಡಲೇ ಬೇಲಿಯ ಕಂಬ ನೆಡುತ್ತಾರೆ. ಸಹಿ ಮಾಡದೆ ಹಾಗೇ ಇಟ್ಟುಕೊಂಡು, ಅವಳನ್ನು ಕೇಳಿ ಮಾಡೋಣವೆಂದು ಬಂದೆ. ಕೇಳಿದೆ. ಅವಳಾಗಿದ್ದರೆ ಏನೆನ್ನುತ್ತಿದ್ದಳೆಂದು ನನಗೆ ಗೊತ್ತಿದ್ದೇ ಕೇಳಿದೆ. "ಮರ ನಿಂತಿರ್ಲಿ ರೀ. ಕೂರೋದಕ್ಕೆ ಮನೇಲಿ ಕುರ್ಚಿ ಇಲ್ವಾ?" ಹಸಿ ಮರಕ್ಕೆ ಕೊಡಲಿ ಇಟ್ಟವರ ಮೇಲೆ ಕೂಗುತ್ತಿದ್ದವಳು ಬೇರೇನೆಂದಾಳು? ಸಹಿ ಹಾಕಿದ್ದೇನೆ. ಸಾಕ್ಷಿ ಎಂಬಲ್ಲಿ ತಮ್ಮ ಪಟ್ಟಿಯ ಮೇಲಿರುವ ನಂಬರು ಬರೆದಿದ್ದೇನೆ. ಕೊನೆಯ ಅಂಕಿ ಮೂರೋ ಎಂಟೋ ಸರಿಯಾಗಿ ಕಾಣಲಿಲ್ಲ, ಬೆಳಕು ಹೋಗುತ್ತಿದೆ. ಈ ಸಾಲೂ ಓರೆಯಾಗಿ ಹೋಗುತ್ತಿದೆ. ಆ ಕಡೆಯ ಮರಗಳು ಒಂದೊಂದಾಗಿ ಕಪ್ಪಾಗುತ್ತಿವೆ. ಇಲ್ಲಿಗೆ ನಿಲ್ಲಿಸುತ್ತೇನೆ.

ಆರುನೂರ ಹನ್ನೊಂದು ಸಲ ಕಂಡೂ ಒಮ್ಮೆಯೂ ಪರಿಚಯವಾಗದ
ತಮ್ಮ ವಿಶ್ವಾಸಿ,
ಹಿಡಿ ಮುರಿದ ಛತ್ರಿಯವನು

ವಿ.ಸೂ.: ಈ ಪತ್ರದ ಪ್ರತಿಯನ್ನು ಊರಿನವರ ಅವಗಾಹನೆಗಾಗಿ ಕ್ಷೌರಿಕನ ಅಂಗಡಿಯ ಕನ್ನಡಿಯ ಪಕ್ಕದಲ್ಲಿ ಅಂಟಿಸಲಾಗುವುದು. ಈಗ ನಾನು ಕನ್ನಡಕವನ್ನು ತೆಗೆದು ದಿಮ್ಮಿಯ ಎಡಗಡೆ ಮರೆಯಲಿದ್ದೇನೆ. ನಾಳೆ ಬೇಲಿ ಎದ್ದ ಮೇಲೆ, ಅದನ್ನು ತರಲು ಒಳಗೆ ಬಿಡಬೇಕೆಂದು ಕೋರಿ ಇಲಾಖೆಗೆ ಅರ್ಜಿ ಹಾಕುತ್ತೇನೆ. ಅರ್ಜಿ ಮೇಲಕ್ಕೆ ಹೋಗಿ ಉತ್ತರ ಬರುವುದಕ್ಕೆ ಏನಿಲ್ಲವೆಂದರೂ ಐದಾರು ವರ್ಷ ಬೇಕು. ಅಲ್ಲಿಯವರೆಗೆ ಅರ್ಜಿದಾರನು ಸಾಯುವಂತಿಲ್ಲ.